ಕತ್ತಲ ಕೋಣೆಯಿಂದ ಬೆಟ್ಟದ ಬೆಳಕಿಗೆ: ಜಾನ್ ಮ್ಯೂರ್

ಅಮೆರಿಕದ ಅರಣ್ಯ ಸಂರಕ್ಷಣೆಯ ಇತಿಹಾಸದಲ್ಲಿ ಜಾನ್ ಮ್ಯೂರ್ ಹೆಸರು ಮೊದಲ ಸಾಲಿನಲ್ಲಿದೆ. ಉದ್ದ ಗಡ್ಡ ಬಿಟ್ಟು ಒಂಟಿಯಾಗಿ ಬೆಟ್ಟ ಅಲೆಯುವ ಸಂನ್ಯಾಸಿಯಂತೆ ಜಗತ್ತು ಆತನನ್ನು ಕಲ್ಪಿಸಿಕೊಂಡಿದೆ. ಆದರೆ ಆತನ ಬದುಕನ್ನು ಹತ್ತಿರದಿಂದ ಕಂಡರೆ ತೋರುವ ಚಿತ್ರ ಬೇರೆ. ಕಳೆದುಹೋದ ಆರೋಗ್ಯವೂ ಬಾಳಿನುದ್ದಕ್ಕೂ ಬಂದ ಗೆಳೆತನವೂ ಆತನಿಗೆ ದೊರೆತದ್ದು ನಿಸರ್ಗದ ಮಡಿಲಿನಲ್ಲಿ.

ಮ್ಯೂರ್ ಜನಿಸಿದ್ದು 1838ರ ಏಪ್ರಿಲ್ 21ರಂದು, ಸ್ಕಾಟ್ಲೆಂಡಿನ ಕಡಲತಡಿಯ ಡನ್‌ಬಾರ್ ಪಟ್ಟಣದಲ್ಲಿ. 1849ರಲ್ಲಿ ಕುಟುಂಬ ಅಮೆರಿಕದ ವಿಸ್ಕಾನ್ಸಿನ್‌ಗೆ ವಲಸೆ ಹೋಯಿತು. ತಂದೆ ಡೇನಿಯಲ್ ಕಠೋರ ಶಿಸ್ತಿನ ದೈವಭಕ್ತ. ಕಾಡು ಕಡಿದು ಹೊಲ ಮಾಡುವ ದುಡಿಮೆಯಲ್ಲೇ ಹುಡುಗನ ಎಳೆಯ ವಯಸ್ಸು ಸವೆಯಿತು. ಬಾವಿ ತೋಡಲು ಇಳಿದಾಗ ತಳದಲ್ಲಿ ತುಂಬಿದ್ದ ವಿಷಾನಿಲಕ್ಕೆ ಸಿಲುಕಿ, ಆತ ಸಾವಿನ ಅಂಚಿನಿಂದ ಮರಳಿದ್ದೂ ಆ ದಿನಗಳಲ್ಲೇ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಹಪಾಠಿ ಮಿಲ್ಟನ್ ಗ್ರಿಸ್‌ವೋಲ್ಡ್, ಆವರಣದ ಮರವೊಂದರ ಹೂವನ್ನು ತೋರಿಸಿ, ಆ ದೊಡ್ಡ ಮರವೂ ಬಟಾಣಿ ಬಳ್ಳಿಯೂ ಒಂದೇ ಕುಟುಂಬಕ್ಕೆ ಸೇರಿದವೆಂದು ವಿವರಿಸಿದ. ಸಸ್ಯಶಾಸ್ತ್ರದ ಗೀಳು ಹತ್ತಿದ್ದು ಹಾಗೆ. ಪ್ರಾಧ್ಯಾಪಕರೊಬ್ಬರ ಪತ್ನಿ ಜೀನ್ ಕಾರ್ ಪರಿಚಯವಾದದ್ದೂ ಅಲ್ಲಿಯೇ. ಗಿಡಮರಗಳ ಮೇಲಿನ ಪ್ರೀತಿ ಬೆಸೆದ ಈ ಸ್ನೇಹ ಪತ್ರಗಳ ಮೂಲಕ ದೀರ್ಘಕಾಲ ಮುಂದುವರಿಯಿತು.

ಆದರೂ ಯಂತ್ರಗಳಲ್ಲಿ ಅಪಾರ ಕುಶಲತೆಯಿದ್ದ ಮ್ಯೂರ್ ಕಾರ್ಖಾನೆಯ ದಾರಿ ಹಿಡಿದಿದ್ದ. 1867ರ ಮಾರ್ಚ್‌ನಲ್ಲಿ ಇಂಡಿಯಾನಾಪೊಲಿಸ್‌ನ ಗಾಡಿ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೈಜಾರಿದ ಅರದ ಮೊನೆ ಆತನ ಬಲಗಣ್ಣಿಗೆ ಚುಚ್ಚಿತು. ಕೆಲವೇ ಹೊತ್ತಿನಲ್ಲಿ ಎಡಗಣ್ಣೂ ಮಂಜಾಯಿತು. ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿದ್ದ ಆತನಿಗೆ ಕಾಡಿದ ಚಿಂತೆ ಒಂದೇ: ಇನ್ನು ಹೂವನ್ನು ಕಾಣಲಾರೆನೆ? ದೃಷ್ಟಿ ಮರಳಿದಾಗ ಆತ ಕಾರ್ಖಾನೆಗೆ ವಿದಾಯ ಹೇಳಿದ.

ಅದೇ ಸೆಪ್ಟೆಂಬರ್‌ನಲ್ಲಿ ಕಾಲ್ನಡಿಗೆ ಆರಂಭವಾಯಿತು. ಕೆಂಟಕಿಯಿಂದ ಫ್ಲಾರಿಡಾದ ಕಡಲವರೆಗೆ ಸುಮಾರು 1,600 ಕಿಲೋಮೀಟರ್. ಕೊನೆಯಲ್ಲಿ ಮಲೇರಿಯಾ ಮುತ್ತಿದಾಗ, ಮರ ಕೊಯ್ಯುವ ಮಿಲ್ಲಿನ ಮೇಲ್ವಿಚಾರಕರ ಕುಟುಂಬ ಈ ಅಪರಿಚಿತನನ್ನು ಮನೆಯಲ್ಲಿರಿಸಿಕೊಂಡು ಆರೈಕೆ ಮಾಡಿತು.

1868ರಲ್ಲಿ ಕ್ಯಾಲಿಫೋರ್ನಿಯಾ ತಲುಪಿದ ಮ್ಯೂರ್ ಯೊಸೆಮಿಟಿ ಕಣಿವೆಯನ್ನು ಕಂಡ. ಮರುವರ್ಷ ಕುರಿಮಂದೆಯೊಡನೆ ಸಿಯೆರಾ ಪರ್ವತಗಳಿಗೆ ಹೋದಾಗ, ಕುರಿಗಳು ಹುಲ್ಲುಗಾವಲನ್ನು ಬೋಳಾಗಿಸುವುದನ್ನೂ ಕಣ್ಣಾರೆ ನೋಡಿದ. ಕಣಿವೆಯನ್ನು ರೂಪಿಸಿದ್ದು ಹಿಮನದಿಗಳೆಂಬ ಆತನ ವಾದವನ್ನು ಭೂವಿಜ್ಞಾನಿ ಜೋಸಿಯಾ ವಿಟ್ನಿ ಹೀಗಳೆದರೂ, ಬಹುಮಟ್ಟಿಗೆ ಮ್ಯೂರ್ ಹೇಳಿದ್ದೇ ಸರಿಯಾಗಿತ್ತು. 1871ರಲ್ಲಿ ದಾರ್ಶನಿಕ ಎಮರ್ಸನ್ ಅಲ್ಲಿಗೆ ಬಂದಾಗ, ದೈತ್ಯ ಸಿಕೋಯಾ ಮರಗಳ ಕೆಳಗೆ ರಾತ್ರಿ ಕಳೆಯಲು ಮ್ಯೂರ್ ಆಹ್ವಾನಿಸಿದ. ವಯೋವೃದ್ಧರಿಗೆ ಚಳಿ ಹಿಡಿದೀತೆಂದು ಜೊತೆಗಿದ್ದವರು ತಡೆದರು. ಆದರೂ ಸ್ನೇಹ ಉಳಿಯಿತು.

1880ರಲ್ಲಿ ಲೂಯಿ ಸ್ಟ್ರೆಂಟ್ಜೆಲ್‌ರೊಡನೆ ವಿವಾಹವಾಯಿತು. ಮಾರ್ಟಿನೆಜ್‌ನ ಹಣ್ಣಿನ ತೋಟ ಚೆನ್ನಾಗಿ ಆದಾಯ ತಂದಿತು, ಆದರೆ ತೋಟದ ಹೊರೆಯಲ್ಲಿ ಮ್ಯೂರ್ ಸೊರಗಿದ. ಪತಿಯ ಮದ್ದು ಎಲ್ಲಿದೆಯೆಂದು ಅರಿತಿದ್ದ ಆಕೆಯೇ ಮತ್ತೆ ಬೆಟ್ಟಗಳಿಗೆ ತೆರಳುವಂತೆ ಒತ್ತಾಯಿಸಿದರು. 1888ರಲ್ಲಿ, 50ರ ವಯಸ್ಸಿನಲ್ಲಿ, ಆತ ಸಂಗಡಿಗರೊಂದಿಗೆ 4,392 ಮೀಟರ್ ಎತ್ತರದ ರೇನಿಯರ್ ಶಿಖರವನ್ನೇರಿದ.

1889ರಲ್ಲಿ ಸಂಪಾದಕ ರಾಬರ್ಟ್ ಅಂಡರ್‌ವುಡ್ ಜಾನ್ಸನ್ ಜೊತೆ ಟುವಾಲಮಿ ಹುಲ್ಲುಗಾವಲಿನಲ್ಲಿ ಬೀಡುಬಿಟ್ಟಾಗ ನಡೆದ ಮಾತುಕತೆ, ಮರುವರ್ಷವೇ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಗಿ ಫಲಿಸಿತು. 1892ರಲ್ಲಿ ಸಿಯೆರಾ ಕ್ಲಬ್ ಸ್ಥಾಪನೆಯಾಯಿತು. ಕೊನೆಯುಸಿರಿನವರೆಗೂ ಮ್ಯೂರ್ ಅದರ ಅಧ್ಯಕ್ಷ. 1901ರಿಂದ ಕ್ಲಬ್ ಪ್ರತಿ ಬೇಸಿಗೆಯಲ್ಲಿ ನಗರವಾಸಿಗಳನ್ನು, ಮಹಿಳೆಯರನ್ನೂ ಒಳಗೊಂಡು, ಪರ್ವತಯಾತ್ರೆಗೆ ಕರೆದೊಯ್ಯತೊಡಗಿತು. 1903ರ ಮೇ ತಿಂಗಳಲ್ಲಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಮ್ಯೂರ್ ಸಂಗಡ ಮೂರು ರಾತ್ರಿಗಳನ್ನು ಬಯಲಿನಲ್ಲೇ ಕಳೆದರು. ಒಂದು ರಾತ್ರಿ ಹಿಮವೂ ಬಿತ್ತು. 1906ರಲ್ಲಿ ಯೊಸೆಮಿಟಿ ಕಣಿವೆ ರಾಜ್ಯದ ಕೈಯಿಂದ ಕೇಂದ್ರ ಸರ್ಕಾರದ ರಕ್ಷಣೆಗೆ ಬಂತು.

ಎಲ್ಲವೂ ಗೆಲುವೇ ಆಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ನೀರೊದಗಿಸಲು ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟುವ ಮಸೂದೆ, ಆತನ ದೀರ್ಘ ಹೋರಾಟದ ನಡುವೆಯೂ 1913ರ ಡಿಸೆಂಬರ್‌ನಲ್ಲಿ ಅಂಗೀಕಾರವಾಯಿತು. ಮೂಲನಿವಾಸಿಗಳ ಬಗೆಗೆ ಆತನ ಆರಂಭದ ಬರಹಗಳಲ್ಲಿರುವ ತಿರಸ್ಕಾರವನ್ನು ಸಿಯೆರಾ ಕ್ಲಬ್ 2020ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಬೆಟ್ಟವೆಲ್ಲ ಬಂಧುವೆಂದ ವ್ಯಕ್ತಿಗೆ ಬೆಟ್ಟದ ಮೂಲ ಮಕ್ಕಳು ಬಹುಕಾಲ ಪರಕೀಯರಾಗಿಯೇ ಉಳಿದಿದ್ದರು.

1914ರ ಡಿಸೆಂಬರ್ 24ರಂದು ಲಾಸ್ ಏಂಜಲೀಸ್‌ನಲ್ಲಿ ನ್ಯುಮೋನಿಯಾದಿಂದ ಮ್ಯೂರ್ ನಿಧನನಾದ. ಆಗ ವಯಸ್ಸು 76. ಸಹಪಾಠಿ, ಸಂಪಾದಕ, ರಾಷ್ಟ್ರಾಧ್ಯಕ್ಷ ಎಂಬ ಭೇದವಿಲ್ಲದೆ ಆತನ ಗೆಳೆತನಗಳೆಲ್ಲ ಕುದುರಿದ್ದು ಮರದ ನೆರಳಿನಲ್ಲಿ, ಶಿಬಿರದ ಬೆಂಕಿಯ ಸುತ್ತ. ಯೊಸೆಮಿಟಿ ಇಂದು ಉಳಿದಿರುವುದರಲ್ಲಿ ಆ ಗೆಳೆತನಗಳ ಪಾಲು ದೊಡ್ಡದು.