ಡಾ. ಮರಿಯಾ ಮಾಂಟೆಸ್ಸರಿ (1870-1952): ಮಕ್ಕಳ ಅಕ್ಷರ ಕಲಿಕೆಗೆ ದಾರಿ ತೋರಿದ ವೈದ್ಯೆ

ಮೂರರಿಂದ ಆರು ವರ್ಷದೊಳಗಿನ ಮಕ್ಕಳನ್ನು ಅಂಗನವಾಡಿ ಅಥವಾ ಶಿಶುವಿಹಾರಕ್ಕೆ ಸೇರಿಸಲಿರುವ ಪೋಷಕರ ಮಾಹಿತಿಗಾಗಿ ಈ ಪರಿಚಯವನ್ನು ನೀಡಲಾಗಿದೆ.

ಮರಿಯಾ ಮಾಂಟೆಸ್ಸರಿ ಅವರು 1870ರ ಆಗಸ್ಟ್ 31ರಂದು ಇಟಲಿಯ ಕಿಯಾರಾವಲ್ಲೆಯಲ್ಲಿ ಜನಿಸಿದರು. 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದರು. ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗೆ ಅವರು ಶಿಕ್ಷಣ ನೀಡಿದಾಗ, ಅವರಲ್ಲಿ ಕೆಲವರು ಓದು ಬರಹ ಕಲಿತು ಇತರ ಮಕ್ಕಳೊಂದಿಗೆ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಹಾಗಿದ್ದಲ್ಲಿ ಸಾಮಾನ್ಯ ಶಾಲೆಗಳ ಬೋಧನಾ ವಿಧಾನವೇ ಮಕ್ಕಳ ಕಲಿಕೆಗೆ ಅಡ್ಡಿಯಾಗಿದೆಯೇ ಎಂಬ ಪ್ರಶ್ನೆ ಅವರಲ್ಲಿ ಮೂಡಿತು.

1907ರ ಜನವರಿ 6ರಂದು ರೋಮ್ ನಗರದ ಬಡ ಬಡಾವಣೆಯಾದ ಸ್ಯಾನ್ ಲೊರೆಂಜೊದಲ್ಲಿ ಅವರ ನೇತೃತ್ವದಲ್ಲಿ 'ಮಕ್ಕಳ ಮನೆ' ಪ್ರಾರಂಭವಾಯಿತು. ಇಷ್ಟು ಎಳೆಯ ಮಕ್ಕಳಿಗೆ ಅಕ್ಷರ ಕಲಿಸುವ ಉದ್ದೇಶ ಅವರಿಗೆ ಮೊದಲು ಇರಲಿಲ್ಲ. ಸ್ವತಃ ಅನಕ್ಷರಸ್ಥರಾಗಿದ್ದ ತಾಯಂದಿರೇ ತಮ್ಮ ಮಕ್ಕಳಿಗೆ ಓದು ಬರಹ ಕಲಿಸುವಂತೆ ಕೋರಿದರು.

ಮರಗೆಲಸದಲ್ಲಿ ಬಳಸುವ ಒರಟಾದ ಉಪ್ಪುಕಾಗದದಿಂದ ಅಕ್ಷರಗಳನ್ನು ಕತ್ತರಿಸಿ ರಟ್ಟಿನ ಮೇಲೆ ಅಂಟಿಸಲಾಯಿತು. ಮಕ್ಕಳು ಅವುಗಳ ಮೇಲೆ ಬೆರಳಾಡಿಸುತ್ತಾ ಆಯಾ ಅಕ್ಷರದ ಧ್ವನಿಯನ್ನು ಉಚ್ಚರಿಸುತ್ತಿದ್ದರು. ಬಿಡಿ ಅಕ್ಷರಗಳನ್ನು ಜೋಡಿಸಿ ಪದಗಳನ್ನು ರಚಿಸುತ್ತಿದ್ದರು. ಆಕೃತಿಗಳ ಅಂಚನ್ನು ಗೆರೆಯಿಂದ ಗುರುತಿಸಿ, ಒಳಭಾಗಕ್ಕೆ ಬಣ್ಣದ ಪೆನ್ಸಿಲಿನಿಂದ ಗೆರೆ ತುಂಬುವುದರಿಂದ ಅವರ ಕೈಗೆ ಹಿಡಿತ ದೊರೆಯುತ್ತಿತ್ತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ, ಸೀಮೆಸುಣ್ಣದಿಂದ ಹೊಗೆಕೊಳವೆಯ ಚಿತ್ರ ಬರೆದ ಐದು ವರ್ಷದ ಬಾಲಕನೊಬ್ಬ ಯಾರ ಒತ್ತಾಯವೂ ಇಲ್ಲದೆ 'ಕೈ' ಎಂಬ ಅರ್ಥದ ಪದವನ್ನು ತನ್ನ ಭಾಷೆಯಲ್ಲಿ ಬರೆದನು. ಅವನನ್ನು ಕಂಡು ಇತರ ಮಕ್ಕಳೂ ಬರೆಯತೊಡಗಿದರು. ಓದುವುದು ಅನಂತರ ಬಂದಿತು. ಬರಹ ಓದಿಗಿಂತ ಮುಂಚೆ ಬರಬಲ್ಲದು ಹಾಗೂ ಕೈಯ ಸಿದ್ಧತೆಯಿಂದ ಅದು ಸುಲಭವಾಗುತ್ತದೆ ಎಂಬುದನ್ನು ಅವರು ಇದರಿಂದ ಕಂಡುಕೊಂಡರು.

1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಅವರು ಮದರಾಸಿನ ಅಡ್ಯಾರಿಗೆ ಆಗಮಿಸಿದರು. ಯುದ್ಧದ ನಿಮಿತ್ತ ಇಟಲಿಯ ಪ್ರಜೆಯಾದ ಅವರ ಸಂಚಾರಕ್ಕೆ ಬ್ರಿಟಿಷ್ ಸರ್ಕಾರವು ನಿರ್ಬಂಧ ವಿಧಿಸಿತಾದರೂ, ಅವರು ಭಾರತದ ಶಿಕ್ಷಕರಿಗೆ ತರಬೇತಿ ನೀಡುವುದನ್ನು ಮುಂದುವರಿಸಿದರು. 1946ರಲ್ಲಿ ಯುರೋಪಿಗೆ ಹಿಂದಿರುಗಿದ ಅವರು, ಮರುವರ್ಷ ಪುನಃ ಭಾರತಕ್ಕೆ ಬಂದಿದ್ದರು. 1952ರ ಮೇ 6ರಂದು ನೆದರ್‌ಲ್ಯಾಂಡ್ಸ್ ದೇಶದಲ್ಲಿ ನಿಧನರಾದರು.

ಪೋಷಕರ ಗಮನಕ್ಕೆ: ಮಗು ಪೆನ್ಸಿಲ್ ಹಿಡಿದು ಅಕ್ಷರ ತಿದ್ದಲು ಇನ್ನೂ ಸಿದ್ಧವಾಗಿಲ್ಲವೆಂದು ಆತಂಕಪಡುವ ಅಥವಾ ಒತ್ತಾಯಿಸುವ ಅಗತ್ಯವಿಲ್ಲ. ಅಕ್ಕಿ ಅಥವಾ ಮರಳಿನ ಮೇಲೆ ಬೆರಳಿನಿಂದ ಬರೆಯುವುದು, ಕಾಳುಗಳನ್ನು ಬೇರ್ಪಡಿಸುವುದು, ಬಣ್ಣ ತುಂಬುವುದು, ಪದಗಳ ಮೊದಲ ಧ್ವನಿಯನ್ನು ಗುರುತಿಸುವುದು, ಇವೆಲ್ಲವೂ ಓದು ಬರಹದ ಪೂರ್ವಸಿದ್ಧತೆಯೇ ಆಗಿರುತ್ತವೆ.