ಎರಡು ದಂಡುಗಳ ನಡುವೆ ಸವಣೂರಿನ ನವಾಬ

ಸವಣೂರು ಅಂದ್ರೆ ನಮಗೆ ಖಾರಾ, ವೀಳ್ಯದೆಲೆ, ಆ ದೊಡ್ಡ ಹುಣಸೆ ಮರಗಳು. ಅಲ್ಲಿ ಆಳಿದ ನವಾಬ ಅಬ್ದುಲ್ ಹಕೀಮ್ ಖಾನನ ಹೆಸರು ಬಂದರೆ ಮಾತ್ರ, ಗಾಳಿ ಬಂದ ಕಡೆ ತೂರಿಕೊಂಡವನು ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ. ಅದು ಅನ್ಯಾಯ ಅಂತ ನನಗನ್ನಿಸುತ್ತೆ.

ಮ್ಯಾಪ್ ತೆಗೆದು ನೋಡಿ. ಉತ್ತರಕ್ಕೆ ಪುಣೆಯ ಪೇಶ್ವೆ, ಪೂರ್ವಕ್ಕೆ ಹೈದರಾಬಾದಿನ ನಿಜಾಮ, ದಕ್ಷಿಣದಿಂದ ಮೇಲೇರಿ ಬರ್ತಿದ್ದ ಹೈದರ್ ಅಲಿ. ಈಗಿನ ಶಿಗ್ಗಾಂವಿ ತಾಲೂಕಿನ ಬಂಕಾಪುರದಿಂದ ಸವಣೂರಿಗೆ ಬಂದು ನೆಲೆಸಿದ್ದ ಈ ಪಠಾಣ ಮನೆತನ ಮೂವರ ಮಧ್ಯೆ ಸಿಕ್ಕಿಕೊಂಡಿತ್ತು. ಹಿಂದಿನ ನವಾಬ 1751ರಲ್ಲಿ ಯುದ್ಧದಲ್ಲಿ ಸತ್ತ ಮೇಲೆ ಪಟ್ಟ ಇವನಿಗೆ ಬಂತು.

ಗಾಳಿ ಬಂದ ಕಡೆ ತೂರುವವನಾಗಿದ್ದರೆ 1756ರಲ್ಲಿ ಹಾಗೆ ನಡೆದುಕೊಳ್ತಿರಲಿಲ್ಲ. ಪೇಶ್ವೆಯ ಗಾರ್ದಿ ಪಡೆಯ ಮುಜಫರ್ ಖಾನ್ ಮುನಿಸಿಕೊಂಡು ಬಂದು ಸವಣೂರಲ್ಲಿ ಆಸರೆ ಪಡೆದ. ಒಪ್ಪಿಸು ಅಂದ ಪೇಶ್ವೆ, ನವಾಬ ಒಪ್ಪಲಿಲ್ಲ. ಪೇಶ್ವೆಯ ಜೊತೆ ನಿಜಾಮನೂ ದಂಡು ತಂದ. ನಿಜಾಮನ ಕಡೆ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳಿದ್ದವು. ಅವುಗಳ ಮುಂದೆ ಸವಣೂರಿನ ಗೋಡೆ ಎಷ್ಟು ದಿನ ನಿಂತೀತು? ಕೊನೆಗೆ ಬಾಗಿ ರಾಜಿ ಮಾಡಿಕೊಂಡ.

ಶತ್ರುಗಳು ಒಂದಾಗೋದು ಹೊಸದಲ್ಲ ಬಿಡಿ. ಡಮಾಸ್ಕಸ್ಸಿನ ಅರಾಮ್ಯ ರಾಜರೂ ಇಸ್ರಾಯೇಲಿನ ರಾಜರೂ ಎಷ್ಟೋ ಸಲ ಬಡಿದಾಡಿದವರು, ಆದರೂ ಕ್ರಿ.ಪೂ. 853ರಲ್ಲಿ ಅಸ್ಸೀರಿಯಾದ ದಂಡು ಬಂದಾಗ ಕರ್ಕರ್‌ನಲ್ಲಿ ಜೊತೆಯಾಗಿಯೇ ನಿಂತರು. ನವಾಬನೂ ಹಾಗೇ ಮಾಡಿದ. 1764ರಲ್ಲಿ ಹೈದರ್ ತನ್ನ ಕಡೆ ಬಾ ಅಂದಾಗ ಹೋಗದೆ, ಮರಾಠರ ಪಕ್ಷ ಹಿಡಿದು ಸೋತ. ಅದೇ ವರ್ಷ ಪೇಶ್ವೆ ಮಾಧವರಾಯ ಬಂದು ಹಿರೇಕೆರೂರು ಸೀಮೆಯ ರಟ್ಟೀಹಳ್ಳಿಯಲ್ಲಿ ಹೈದರನನ್ನು ಸೋಲಿಸಿದ ಮೇಲೇ ಸವಣೂರು ಉಸಿರಾಡಿದ್ದು.

ಮುಂದೆ ಪುಣೆಯಲ್ಲಿ ಒಳಜಗಳ ಶುರುವಾಯ್ತು, ಹೈದರ್ ಮತ್ತೆ ತುಂಗಭದ್ರೆ ದಾಟಿದ. 1779ರಲ್ಲಿ ಶ್ರೀರಂಗಪಟ್ಟಣದಲ್ಲಿ ಕೊಟ್ಟು ತಂದ ಮದುವೆಯೇ ಆಯ್ತು. ಹೈದರನ ಮಗಳು ನವಾಬನ ಹಿರಿಮಗ ಅಬ್ದುಲ್ ಖೈರ್ ಖಾನನಿಗೆ, ನವಾಬನ ಮಗಳು ಹೈದರನ ಎರಡನೇ ಮಗ ಕರೀಮನಿಗೆ. ಜೊತೆಗೊಂದು ಕರಾರು: ಹೈದರನ ಸೇವೆಗೆ 2,000 ಕುದುರೆ ಸವಾರರು. ಸಣ್ಣ ರಾಜ್ಯಕ್ಕೆ ಇದೇ ದೊಡ್ಡ ಹೊರೆ.

ಹೈದರ್ ತೀರಿಕೊಂಡ ಮೇಲೆ ಟಿಪ್ಪು ಬಾಕಿ ಲೆಕ್ಕ ತೆಗೆದ. ಬೀಗಸ್ತನ ಅಲ್ಲಿ ಕೆಲಸಕ್ಕೆ ಬರಲಿಲ್ಲ. ನವಾಬ ಮತ್ತೆ ಮರಾಠರ ಕಡೆ ಹೋದ. 1786ರ ಮಳೆಗಾಲದಲ್ಲಿ ತುಂಬಿ ಹರಿಯೋ ತುಂಗಭದ್ರೆಯನ್ನೇ ದಾಟಿ ಬಂದ ಟಿಪ್ಪು, ಅಕ್ಟೋಬರ್ ಹೊತ್ತಿಗೆ ಸವಣೂರು ಹಿಡಿದ. ಊರಲ್ಲಿ ಉಳಿದಿದ್ದವನು ಅಬ್ದುಲ್ ಖೈರ್, ಟಿಪ್ಪುವಿನ ಸ್ವಂತ ಭಾವ. ನವಾಬ ಆಗ ಮರಾಠರ ಡೇರೆಗಳಲ್ಲಿದ್ದ. ಮೂವತ್ತು ವರ್ಷದ ಹಿಂದೆ ಅವನ ಊರನ್ನು ಮುತ್ತಿದ್ದವರೂ ಅವರೇ.