ನಾನಾ ಶಂಕರಶೇಟರನ್ನು ನೆನೆದು

ಊರಿನಿಂದ ನೆಂಟರಿಷ್ಟರು ಬಂದರೆ ನಾವು ಮುಂಬಯಿ ಕನ್ನಡಿಗರು ಅವರಿಗೆ ಸಮುದ್ರ ತೋರಿಸುತ್ತೇವೆ, ಭಾಯಖಳದ ರಾಣಿಬಾಗಿಗೆ ಕರೆದೊಯ್ದು ಪ್ರಾಣಿಗಳನ್ನು ತೋರಿಸುತ್ತೇವೆ. ಅಲ್ಲಿಯೇ ಇರುವ ಪುಟ್ಟ ವಸ್ತುಸಂಗ್ರಹಾಲಯದ ಮೆಟ್ಟಿಲೇರುವವರು ವಿರಳ. ಬೋರಿಬಂದರದಲ್ಲಿ ಇಳಿದು, ನಿಲ್ದಾಣದ ಮುಂದೆ ನಿಂತು ತಲೆಯೆತ್ತಿ ನೋಡುವವರು ಇನ್ನೂ ವಿರಳ. ಈ ಎರಡೂ ಕಡೆ ನೆನೆಯಬೇಕಾದ ಮಹನೀಯರೊಬ್ಬರಿದ್ದಾರೆ. ಅವರೇ ಜಗನ್ನಾಥ ಶಂಕರಶೇಟರು. ಜನರ ಬಾಯಲ್ಲಿ ನಾನಾ.

1803ರ ಫೆಬ್ರವರಿ 10ರಂದು ಸಿರಿವಂತ ವ್ಯಾಪಾರಿ ಮನೆತನದಲ್ಲಿ ಹುಟ್ಟಿದ ನಾನಾ ಹಣವನ್ನು ತಿಜೋರಿಯಲ್ಲಿ ಕೂಡಿಡದೆ ವಿದ್ಯೆಗಾಗಿ ವೆಚ್ಚಮಾಡಿದರು. ಹೆಣ್ಣುಮಕ್ಕಳು ಓದುವುದೇ ಅಪಚಾರವೆನಿಸಿದ್ದ ಕಾಲದಲ್ಲಿ ಅವರ ಶಾಲೆಗೆ ಗಿರಗಾಂವದ ತಮ್ಮ ವಾಡೆಯಲ್ಲಿಯೇ ಎಡೆ ಕೊಟ್ಟರು.

ರೈಲಿನ ಮಾತು ಇನ್ನೂ ಕನಸಾಗಿದ್ದ 1845ರಲ್ಲಿ ಅವರು ಜಮ್‌ಶೇಟ್‌ಜಿ ಜೀಜೀಭಾಯಿಯವರೊಡಗೂಡಿ ಅದಕ್ಕಾಗಿ ಸಂಘ ಕಟ್ಟಿದರು. ಮುಂದೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನಿರ್ದೇಶಕರಲ್ಲಿ ಒಬ್ಬರಾದರು. 1853ರ ಏಪ್ರಿಲ್ 16ರಂದು ಮೂರು ಎಂಜಿನುಗಳು 14 ಡಬ್ಬಿಗಳನ್ನೆಳೆದು, ಸುಮಾರು 400 ಮಂದಿಯನ್ನು ಹೊತ್ತು, ಬೋರಿಬಂದರದಿಂದ 34 ಕಿಲೋಮೀಟರು ದೂರದ ಠಾಣೆಗೆ ಹೊರಟವು.

ಇಷ್ಟು ಮಾಡಿದವರ ಮೇಲೂ 1857ರ ದಂಗೆಯ ಕಾಲದಲ್ಲಿ ಸರಕಾರದ ಸಂಶಯದ ಕಣ್ಣು ಬಿದ್ದಿತು. ವಿಚಾರಣೆಯಲ್ಲಿ ದೋಷವೇನೂ ಕಾಣಲಿಲ್ಲ. ನಾನಾ ಮನಸ್ಸು ಕಹಿಮಾಡಿಕೊಳ್ಳದೆ ಊರಿನ ಕೆಲಸಕ್ಕೆ ಮರಳಿದರು. ಡಾಕ್ಟರ್ ಭಾವೂ ದಾಜಿ ಲಾಡರು ಮತ್ತು ಜಾರ್ಜ್ ಬರ್ಡ್‌ವುಡ್ಡರೊಂದಿಗೆ ವಸ್ತುಸಂಗ್ರಹಾಲಯಕ್ಕಾಗಿ ದುಡಿದರು. 1862ರಲ್ಲಿ ಅದಕ್ಕೆ ಅಡಿಗಲ್ಲು ಬಿದ್ದಿತು.

ಬೋರಘಾಟದ ಹಳಿ 1863ರಲ್ಲಿ ತೆರೆದುದನ್ನು ಅವರು ಕಂಡರು. 1865ರ ಜುಲೈ 31ರಂದು ತೀರಿಕೊಂಡರು. ಹಳಿ ಕಲಬುರ್ಗಿಯನ್ನು ದಾಟಿ 1871ರಲ್ಲಿ ನಮ್ಮ ರಾಯಚೂರನ್ನು ಮುಟ್ಟಿದಾಗಲಾಗಲಿ, 1872ರಲ್ಲಿ ವಸ್ತುಸಂಗ್ರಹಾಲಯದ ಬಾಗಿಲು ತೆರೆದಾಗಲಾಗಲಿ ನಾನಾ ಇರಲಿಲ್ಲ.

ಅದೇ ಹಳಿಯ ಮೇಲೆ ನಮ್ಮಲ್ಲಿ ಎಷ್ಟೋ ಮಂದಿಯ ಹಿರಿಯರು ಕಬ್ಬಿಣದ ಟ್ರಂಕು, ರೊಟ್ಟಿಯ ಗಂಟು ಹಿಡಿದು ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದಿಳಿದರು. ಆ ಋಣವನ್ನು ನಾವು ತೀರಿಸಲಾರೆವು, ನೆನೆಯಬಲ್ಲೆವು. ರಾಜ್ಯೋತ್ಸವದ ಈ ರಜೆಯ ದಿನಗಳಲ್ಲಿ ಮಕ್ಕಳನ್ನು ರಾಣಿಬಾಗಿಗೆ ಕರೆದೊಯ್ದರೆ, ಭಾವೂ ದಾಜಿ ಲಾಡರ ಹೆಸರು ಹೊತ್ತ ಆ ಸಂಗ್ರಹಾಲಯವನ್ನೂ ಹೊಕ್ಕು ಹಳೆಯ ಮುಂಬಯಿಯ ನಕಾಶೆಗಳನ್ನೂ ಕಸುಬುದಾರರ ಮಣ್ಣಿನ ಬೊಂಬೆಗಳನ್ನೂ ತೋರಿಸೋಣ. ಬರುವಾಗ, ಇಂದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಎನಿಸಿಕೊಳ್ಳುವ ನಿಲ್ದಾಣದ ಮುಂದೆ ಗಳಿಗೆ ಹೊತ್ತು ನಿಲ್ಲೋಣ. ಅದರ ಗೋಡೆಯ ಮೇಲೆ ಕೆತ್ತಿದ ಮುಖಗಳಲ್ಲಿ ನಾನಾ ಅವರದೂ ಒಂದು.